‘ಮೂಲಭೂತವಾದಿ’ ಎಂದರೆ ಯಾರು?

ಪತ್ರಿಕೆಗಳಲ್ಲಿ ನಾವು ಮತ್ತೆ ಮತ್ತೆ ಓದುವ ‘ಮೂಲಭೂತವಾದಿ’ ಎಂಬ ಪದ ಇಂಗ್ಲಿಷಿನ ‘ಫಂಡಮೆಂಟಲಿಸ್ಟ್’ನ ಅನುವಾದ. ಕೇಳಿದೊಡನೆ ಗಡ್ಡ, ಟೋಪಿ ಕಣ್ಣಮುಂದೆ ಬರುವಷ್ಟು ಅದು ನಮಗೆ ಅಭ್ಯಾಸವಾಗಿದೆ. ಆದರೆ ಈ ಪದ ಹುಟ್ಟಿದ್ದು ಯಾವ ಮದ್ರಸದಲ್ಲೂ ಅಲ್ಲ, ಅಮೆರಿಕದ ಕ್ರೈಸ್ತರ ನಡುವೆ.

‘ಫಂಡಮೆಂಟಲ್’ ಪದದ ಲ್ಯಾಟಿನ್ ಮೂಲಕ್ಕೆ ತಳಪಾಯ ಎಂದರ್ಥ. 1910ರಿಂದ 1915ರವರೆಗೆ ಅಮೆರಿಕದಲ್ಲಿ ‘ದಿ ಫಂಡಮೆಂಟಲ್ಸ್’ ಎಂಬ 12 ಸಂಪುಟಗಳು ಪ್ರಕಟವಾದವು. ತೈಲೋದ್ಯಮಿ ಲೈಮನ್ ಸ್ಟೀವರ್ಟ್ ಅದಕ್ಕೆ ಹಣ ಒದಗಿಸಿದ್ದರು. ಆಧುನಿಕ ಬೈಬಲ್ ವಿಮರ್ಶೆಯೆದುರು ಕ್ರೈಸ್ತ ಧರ್ಮದ ತಳಪಾಯವನ್ನು ಕಾಯುವುದು ಅವುಗಳ ಉದ್ದೇಶ. 1920ರಲ್ಲಿ ಬ್ಯಾಪ್ಟಿಸ್ಟ್ ಸಂಪಾದಕ ಕರ್ಟಿಸ್ ಲೀ ಲಾಸ್, ಅದಕ್ಕಾಗಿ ಹೋರಾಡುವವರಿಗೆ ‘ಫಂಡಮೆಂಟಲಿಸ್ಟ್’ ಎಂಬ ಹೆಸರು ಸೂಚಿಸಿದರು. ಆಗ ಅದು ಹೆಮ್ಮೆಯ ಬಿರುದು. 1925ರಲ್ಲಿ ಟೆನೆಸಿ ರಾಜ್ಯದ ಡೇಟನ್‌ನಲ್ಲಿ ವಿಕಾಸವಾದ ಬೋಧಿಸಿದ್ದಕ್ಕಾಗಿ ಶಿಕ್ಷಕ ಜಾನ್ ಸ್ಕೋಪ್ಸ್‌ರ ವಿಚಾರಣೆ ನಡೆದಾಗ ಪತ್ರಕರ್ತರು ಈ ಜನರನ್ನು ಗೇಲಿ ಮಾಡಿದರು. ಬಿರುದು ಬೈಗುಳವಾಗತೊಡಗಿತು. 1979ರ ಇರಾನ್ ಕ್ರಾಂತಿಯ ನಂತರ ಅದನ್ನು ಮುಸ್ಲಿಮರ ಮೇಲೆ ಧಾರಾಳವಾಗಿ ಬಳಸಲಾಯಿತು.

ಇಲ್ಲೇ ತೊಡಕಿರುವುದು. ಕುರ್‌ಆನ್ ದೇವವಚನವೆಂಬುದು ಮುಸ್ಲಿಮರ ಸಾಮಾನ್ಯ ನಂಬಿಕೆ. ಧರ್ಮದ ಮೂಲವನ್ನು ನಂಬುವವನೇ ಮೂಲಭೂತವಾದಿಯಾದರೆ, ಐದು ಹೊತ್ತು ನಮಾಝ್ ಮಾಡಿ ತನ್ನ ಪಾಡಿಗೆ ದುಡಿಯುವ ಬಡಗಿಗೂ ಬಾಂಬಿಡುವವನಿಗೂ ಒಂದೇ ಹೆಸರಾಯಿತು. ವ್ಯತ್ಯಾಸ ಹೇಳಲಾರದ ಪದ ಸುದ್ದಿಗೆ ಯಾವ ಉಪಕಾರ ಮಾಡೀತು?

ಕನ್ನಡದಲ್ಲಂತೂ ಇದು ಇನ್ನೂ ವಿಚಿತ್ರ. ಸಂವಿಧಾನ ಕೊಟ್ಟದ್ದು ‘ಮೂಲಭೂತ ಹಕ್ಕು’, ಸರಕಾರದಿಂದ ನಾವು ಕೇಳುವುದು ‘ಮೂಲಭೂತ ಸೌಕರ್ಯ’. ಇಷ್ಟು ಗೌರವದ ಪದಕ್ಕೆ ‘ವಾದಿ’ ಸೇರಿದೊಡನೆ ಮನುಷ್ಯ ಅಪರಾಧಿಯಂತೆ ಕಾಣುತ್ತಾನೆ.

ಯಾವುದೇ ಗುಂಪು ತನ್ನನ್ನು ತಾನೇ ಹಾಗೆ ಕರೆದುಕೊಳ್ಳದಿದ್ದರೆ ಸಾಮಾನ್ಯವಾಗಿ ಈ ಪದ ಬೇಡವೆಂದು ಅಸೋಸಿಯೇಟೆಡ್ ಪ್ರೆಸ್‌ನ ಶೈಲಿ ಕೈಪಿಡಿ ಪತ್ರಕರ್ತರಿಗೆ ಹೇಳುತ್ತದೆ. ನಮ್ಮ ಸುದ್ದಿಮನೆಗಳಿಗೂ ಅದು ಒಪ್ಪುವ ಮಾತು.

ಇದರರ್ಥ ಧರ್ಮದ ಹೆಸರಿನ ಹಿಂಸೆಗೆ ಮುಸುಕು ಹಾಕಬೇಕೆಂದಲ್ಲ. ಕೊಂದವನನ್ನು ಕೊಲೆಗಾರನೆನ್ನೋಣ, ಹೆಣ್ಣುಮಕ್ಕಳ ಶಾಲೆ ಮುಚ್ಚಿಸಿದವನ ಕೃತ್ಯವನ್ನು ಅನ್ಯಾಯವೆನ್ನೋಣ. ನಮಗೆ ಒಪ್ಪಿಗೆಯಾಗದ ಹಿಂದೂ ಅಥವಾ ಕ್ರೈಸ್ತ ಸೋದರನನ್ನು ನಾವೂ ಇದೇ ಪದದಿಂದ ಹಳಿಯುವುದಿಲ್ಲವೇ? ತಿದ್ದುಪಡಿ ನಮ್ಮ ಲೇಖನಿಯಿಂದಲೇ ಆರಂಭವಾಗಲಿ.