ನಿಶ್ಚಲತೆಯ ಆದರ್ಶ ಮತ್ತು ಚಲನೆಯ ಸತ್ಯ: ಕರ್ನಾಟಕದ ಪಕ್ಷಿ ಛಾಯಾಗ್ರಹಣದಲ್ಲಿ ಷಟರ್ ವೇಗದ ಪ್ರಶ್ನೆ

ಹದಿನೇಳನೆಯ ಶತಮಾನದ ಆರಂಭದಲ್ಲಿ ಬಿಜಾಪುರದ ಆದಿಲಶಾಹಿ ಚಿತ್ರಕಾರನೊಬ್ಬ ರಚಿಸಿದ, ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ ಪ್ರಸಿದ್ಧ ಚಿತ್ರವೊಂದರಲ್ಲಿ ಯೋಗಿನಿಯ ಕೈಯಲ್ಲಿ ಗೊರವಂಕವೊಂದು ಕುಳಿತಿದೆ. ಹಕ್ಕಿಯನ್ನು ತನಗೆ ಬೇಕಾದಷ್ಟು ಹೊತ್ತು ನಿಲ್ಲಿಸಿಕೊಳ್ಳುವ ಸ್ವಾತಂತ್ರ್ಯ ಕುಂಚಕ್ಕಿದೆ, ಕ್ಯಾಮರಾಕ್ಕೆ ಅದಿಲ್ಲ. ವಿಜಯಪುರ ಸಮೀಪದ ಇಟ್ಟಂಗಿಹಾಳದಂತಹ ಎರೆಭೂಮಿಯ ಊರುಗಳ ಸುತ್ತಲಿನ ಬಯಲಿನಲ್ಲಿ ಹಕ್ಕಿ ಎಂದರೆ ಬಹುಮಟ್ಟಿಗೆ ಚಲನೆಯೇ. ಚಳಿಗಾಲದಲ್ಲಿ ದಖ್ಖನಿನ ಬಯಲುಗಳಿಗೆ ವಲಸೆ ಬರುವ ಸೆಳೆವ ಜಾತಿಯ ಬೇಟೆಹಕ್ಕಿಗಳು ಬೆಳೆಯ ತೆನೆಗಳ ಮೇಲೆಯೇ ತಗ್ಗಿ ತೇಲುತ್ತವೆ. ಇವುಗಳನ್ನು ಪೂರ್ತಿ ನಿಲ್ಲಿಸಿ ತೋರಿಸುವ ಚಿತ್ರ ಎಷ್ಟರಮಟ್ಟಿಗೆ ನಿಜ ಎಂಬ ಪ್ರಶ್ನೆ ಪಕ್ಷಿ ಛಾಯಾಗ್ರಹಣದ ವಿಮರ್ಶೆಯಲ್ಲಿ ಮುಖ್ಯವಾದುದು.

ಈ ಪ್ರಶ್ನೆ ಹೊಸದಲ್ಲ. ಫ್ರಾನ್ಸಿನ ಶರೀರವಿಜ್ಞಾನಿ ಏತಿಯೆನ್ ಜೂಲ್ ಮಾರೆ 1882ರಲ್ಲಿ ರೂಪಿಸಿದ ಛಾಯಾಬಂದೂಕು ಸೆಕೆಂಡಿಗೆ 12 ಚಿತ್ರಗಳನ್ನು ತೆಗೆಯುತ್ತಿತ್ತು. ಪ್ರತಿಯೊಂದರ ಅವಧಿ ಸೆಕೆಂಡಿನ 1/720ರಷ್ಟು. ಆತನಿಗೆ ಬೇಕಾಗಿದ್ದುದು ನಿಂತ ಹಕ್ಕಿಯಲ್ಲ, ಹಾರಾಟದ ಕ್ರಮ. ಸ್ಥಗಿತಗೊಳಿಸುವುದು ಅಲ್ಲಿ ಸಾಧನವಾಗಿತ್ತೇ ಹೊರತು ಗುರಿಯಾಗಿರಲಿಲ್ಲ.

ಕರ್ನಾಟಕದಲ್ಲಿ ಈ ಸಾಧನವೇ ಕ್ರಮೇಣ ಆದರ್ಶವಾಯಿತು. ಟಿ.ಎನ್.ಎ. ಪೆರುಮಾಳ್ (1932–2017), ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರ ತಲೆಮಾರು ವನ್ಯಜೀವಿ ಛಾಯಾಗ್ರಹಣಕ್ಕೆ ಘನತೆ ತಂದಿತು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ (1938–2007) ಬರವಣಿಗೆ ಮತ್ತು ಕ್ಯಾಮರಾ ಎರಡರಿಂದಲೂ ಹಕ್ಕಿಗಳನ್ನು ಕನ್ನಡ ಓದುಗರ ಮನೆಗೆ ತಂದರು. ಆ ಕಾಲದ ಚಿತ್ರಗಳ ಸ್ಫುಟತೆಯನ್ನು ಮೆಚ್ಚುವಾಗ ಅದರ ಹಿಂದಿನ ನಿರ್ಬಂಧವನ್ನೂ ಗಮನಿಸಬೇಕು. 64ರ ವೇಗದ ಕೊಡಾಕ್ರೋಮ್ ಫಿಲ್ಮಿನಲ್ಲಿ, ನೆತ್ತಿಯ ಬಿಸಿಲಿನಲ್ಲಿಯೂ ಎಫ್/5.6 ರಂಧ್ರಕ್ಕೆ ದೊರೆಯುವ ಷಟರ್ ವೇಗ ಸುಮಾರು 1/500 ಸೆಕೆಂಡು. ಮುಂಜಾನೆಯ ಬೆಳಕಿನಲ್ಲಿ ಅದೂ ಇಲ್ಲ. ಆದ್ದರಿಂದ ಕುಳಿತ ಹಕ್ಕಿ, ಮರೆಗೂಡಾರ, ಗೂಡಿನ ಬಳಿಯ ಕಾಯುವಿಕೆ ಮತ್ತು ಫ್ಲ್ಯಾಷ್ ಬೆಳಕು ಸಹಜ ಆಯ್ಕೆಗಳಾದವು. ಸಾಮಗ್ರಿಯ ಮಿತಿಯಿಂದ ಹುಟ್ಟಿದ ಪದ್ಧತಿಯೊಂದು ಸೌಂದರ್ಯದ ನಿಯಮವೆಂದು ಸ್ವೀಕೃತವಾದುದು ಹೀಗೆ.

ಇಂದು ಆ ಮಿತಿ ಉಳಿದಿಲ್ಲ. 1600ರ ಐಎಸ್ಒದಲ್ಲಿ ಅದೇ ಬಿಸಿಲು ಎಫ್/8ಕ್ಕೆ 1/6400 ಸೆಕೆಂಡನ್ನು ಕೊಡುತ್ತದೆ. ರೆಕ್ಕೆಯನ್ನು ನಿಲ್ಲಿಸುವುದು ಸುಲಭವಾದ ಮೇಲೆ, ನಿಲ್ಲಿಸದಿರುವುದು ಪ್ರಜ್ಞಾಪೂರ್ವಕ ಆಯ್ಕೆಯಾಗುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ಸೆಕೆಂಡಿಗೆ ಸುಮಾರು ನಾಲ್ಕು ಸಲ ರೆಕ್ಕೆ ಬಡಿಯುತ್ತದೆ. 1/1000 ಸೆಕೆಂಡಿನಲ್ಲಿ ಆ ಬಡಿತದ ಅತ್ಯಲ್ಪ ತುಣುಕಷ್ಟೇ ದಾಖಲಾದರೆ, 1/15 ಸೆಕೆಂಡಿನಲ್ಲಿ ಬಡಿತದ ಕಾಲು ಭಾಗಕ್ಕೂ ಹೆಚ್ಚು ಒಂದೇ ಚಿತ್ರದಲ್ಲಿ ಸೇರುತ್ತದೆ. ಹಕ್ಕಿಯ ವೇಗಕ್ಕೆ ಸರಿಯಾಗಿ ಕ್ಯಾಮರಾವನ್ನು ತಿರುಗಿಸಿದಾಗ ತಲೆ ಮತ್ತು ಕಣ್ಣು ಸಾಕಷ್ಟು ಸ್ಪಷ್ಟವಾಗಿ ಉಳಿದು, ರೆಕ್ಕೆ ಬೀಸಣಿಗೆಯಂತೆ ಹರಡಿ, ಹಿನ್ನೆಲೆ ಗೆರೆಗಳಾಗಿ ಹರಿಯುತ್ತದೆ. ಮೊದಲನೆಯದು ಹಕ್ಕಿಯ ಗರಿಯನ್ನು ಹೇಳುತ್ತದೆ. ಎರಡನೆಯದು ಹಾರಾಟದ ಶ್ರಮವನ್ನು. ಎರ್ನ್ಸ್ಟ್ ಹಾಸ್ 1950ರ ದಶಕದಲ್ಲಿ ಗೂಳಿಕಾಳಗದ ವರ್ಣಚಿತ್ರಗಳಲ್ಲಿ ನಿಧಾನ ಷಟರಿನಿಂದ ಸಾಧಿಸಿದ್ದು ಈ ಎರಡನೆಯ ಬಗೆಯ ಸತ್ಯವನ್ನೇ.

ಹಾಗೆಂದು ಮಸುಕೆಲ್ಲವೂ ಕಲೆಯಲ್ಲ. ಕೈ ನಡುಗಿದ್ದರಿಂದ ಬಂದ ಅಸ್ಪಷ್ಟತೆಗೂ ಹಕ್ಕಿಯ ಚಲನೆಯೇ ಬರೆದ ಗೆರೆಗೂ ವ್ಯತ್ಯಾಸವಿದೆ. ನೋಡುಗನಿಗೆ ಹಕ್ಕಿಯ ಜಾತಿ, ದಿಕ್ಕು, ಹಾರಾಟದ ಲಯ ತಿಳಿಯುವಂತಿದ್ದರೆ ಮಾತ್ರ ಪ್ರಯೋಗ ಸಾರ್ಥಕ. ಅಂತಾರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು 2015ರಿಂದ ಒಪ್ಪಿಕೊಂಡ ನಿಸರ್ಗ ಛಾಯಾಗ್ರಹಣದ ವ್ಯಾಖ್ಯೆ ಚಿತ್ರದ ಕಥನಶಕ್ತಿಗೆ ಸೌಂದರ್ಯಕ್ಕಿಂತ ಹೆಚ್ಚಿನ ಬೆಲೆ ಕೊಡುತ್ತದೆ, ಜೊತೆಗೆ ಉನ್ನತ ತಾಂತ್ರಿಕ ಗುಣವನ್ನೂ ಅಪೇಕ್ಷಿಸುತ್ತದೆ. ತಾಂತ್ರಿಕ ಗುಣವೆಂದರೆ ಸ್ಫುಟತೆ ಮಾತ್ರ ಎಂದು ಓದಿಕೊಂಡರೆ ಕಥನಕ್ಕೆ ಕೊಟ್ಟ ಆದ್ಯತೆ ಅರ್ಥ ಕಳೆದುಕೊಳ್ಳುತ್ತದೆ.

ಇದು ಕೇವಲ ಅಭಿರುಚಿಯ ಚರ್ಚೆಯಲ್ಲ. ಪ್ರತಿ ಗರಿಯೂ ಎಣಿಸುವಂತಿರಬೇಕೆಂಬ ಹಂಬಲ ಛಾಯಾಗ್ರಾಹಕನನ್ನು ಗೂಡಿನ ಹತ್ತಿರಕ್ಕೆ ಸೆಳೆಯುತ್ತದೆ. ಟಿಟ್ಟಿಭ, ನೆಲಗುಬ್ಬಿಗಳಂತೆ ಬರಿನೆಲದಲ್ಲಿ ಮೊಟ್ಟೆಯಿಡುವ ಬಯಲಿನ ಹಕ್ಕಿಗಳಿಗೆ ಈ ಸಾಮೀಪ್ಯವೇ ಅಪಾಯ: ತಾಯಿ ಎದ್ದುಹೋದಷ್ಟು ಹೊತ್ತು ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ನಿಧಾನ ಷಟರಿನ ಪ್ರಯೋಗಕ್ಕೆ ಮಂದ ಬೆಳಕು ಸಾಕು, ಫ್ಲ್ಯಾಷ್ ಬೇಡ, ದೂರವೂ ಅಡ್ಡಿಯಲ್ಲ. ಆದರೆ ಹಾರಾಟದ ಚಿತ್ರಕ್ಕಾಗಿ ಕುಳಿತ ಹಿಂಡನ್ನು ಬೆದರಿಸಿ ಎಬ್ಬಿಸಿದರೆ ಈ ದಾರಿಯೂ ಅಷ್ಟೇ ಕೆಟ್ಟದ್ದು. ಆಗ ಚಿತ್ರದಲ್ಲಿ ದಾಖಲಾಗುವುದು ಹಕ್ಕಿಯ ಸಹಜ ಚಲನೆಯಲ್ಲ, ಅದರ ಭಯ.

ಆದ್ದರಿಂದ ಪಕ್ಷಿಚಿತ್ರದ ಮೌಲ್ಯಮಾಪನದಲ್ಲಿ ಮೊದಲು ಕೇಳಬೇಕಾದುದು ಅದು ಎಷ್ಟು ಸ್ಫುಟವಾಗಿದೆ ಎಂಬುದನ್ನಲ್ಲ. ಹಕ್ಕಿ ತನ್ನ ಇಚ್ಛೆಯಂತೆ ಬದುಕುತ್ತಿದ್ದ ಯಾವ ಗಳಿಗೆಯನ್ನು, ಎಷ್ಟು ಅವಧಿಯನ್ನು ಅದು ಹಿಡಿದಿಟ್ಟಿದೆ ಎಂಬುದನ್ನು. ಹಿರಿಯ ತಲೆಮಾರಿನ ತಾಳ್ಮೆ ಈ ಅಳತೆಗೋಲಿನಲ್ಲಿಯೂ ಕಿರಿದಾಗುವುದಿಲ್ಲ. ಅವರ ಉಪಕರಣದ ಮಿತಿಯನ್ನು ಮಾತ್ರ ಮುಂದಿನವರು ನಿಯಮವಾಗಿ ಹೊರಬೇಕಾಗಿಲ್ಲ.