ಪದಬಂಧಕ್ಕೆ ಎರಡು ಬಾಯಿ ಬೇಕು

ಕನ್ನಡದ ಪದಬಂಧವನ್ನು ಬಾಯಿ ಮುಚ್ಚಿಕೊಂಡು ಬಿಡಿಸಬಾರದು. ಪೇಪರನ್ನು ನಾಲ್ಕು ಮಡಿಕೆ ಮಾಡಿ, ಮೂಲೆಯ ಕುರ್ಚಿ ಹಿಡಿದು, ಒಬ್ಬರೇ ಮನೆ ತುಂಬುವವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅದರ ಅರ್ಧ ಸುಖ ಅವರಿಗೆ ದಕ್ಕುತ್ತಿಲ್ಲವಲ್ಲ ಅನ್ನಿಸುತ್ತದೆ. ಒಬ್ಬರು ಸುಳಿವನ್ನು ಗಟ್ಟಿಯಾಗಿ ಓದಬೇಕು, ಪಕ್ಕದಲ್ಲಿ ಕೂತವರು ಕಣ್ಣು ಮುಚ್ಚಿ ಕೇಳಬೇಕು. ಈ ಆಟ ಕುದುರುವುದೇ ಹಾಗೆ.

ಇದಕ್ಕೆ ಕಾರಣ ನಮ್ಮ ಲಿಪಿಯಲ್ಲೇ ಇದೆ. ಇಂಗ್ಲಿಷ್ ಪದಬಂಧದ ಒಂದು ಮನೆಗೆ ಒಂದು ಬಿಡಿ ಲೆಟರ್. 'ಎರಡನೆಯದು ಎಚ್, ಐದನೆಯದು ಟಿ' ಎಂದು ಯಾರಾದರೂ ಹೇಳಿದರೆ ಕಿವಿಗೆ ಏನೂ ಹತ್ತುವುದಿಲ್ಲ. ಪೇಪರು ಕಣ್ಣೆದುರು ಬೇಕು. ಕನ್ನಡದ ಮನೆಯಲ್ಲಿ ಕೂರುವುದು ಗುಣಿತ, ಒತ್ತು ಎಲ್ಲವನ್ನೂ ಹೊತ್ತ ಇಡೀ ಅಕ್ಷರ, ಅಂದರೆ ನಾಲಗೆ ಒಂದು ಸಲಕ್ಕೆ ನುಡಿಯುವಷ್ಟು. 'ಮೊದಲು ಮ, ಆಮೇಲೊಂದು ಖಾಲಿ, ಆಮೇಲೆ ಕೇ, ರಿ' ಅಂದರೆ ಸಾಕು, ಅಡುಗೆಮನೆಯಿಂದಲೂ ಉತ್ತರ ಬಂದೀತು.

ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರುವ ನಮ್ಮ ಮೂವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬರು ಧಾರವಾಡದ ಅಕ್ಕ. ಪೇಪರಿನ ಪದಬಂಧ ಮುಗಿದ ಮೇಲೆ ಮೇಷ್ಟ್ರು ತಾವೇ ಕಟ್ಟಿದ ಸುಳಿವುಗಳನ್ನು ಹೊರಗೆ ತೆಗೆಯುತ್ತಾರೆ.

"ಶುಚಿಯಾದ ಬೀದಿ, ಕೊಡಗಿನಲ್ಲಿದೆ. ನಾಲ್ಕು ಮನೆ."

"ಕೊಡಗಿನಾಗ ಅಷ್ಟು ಸ್ವಚ್ಛ ಓಣಿ ಯಾವುದ್ರೀ ಮಾಸ್ತರ್ರ?"

"ನಿಮ್ಮ ಓಣಿಗೆ ನಮ್ಮ ಕಡೆ ಏನಂತಾರೆ ಅಕ್ಕಾ?"

"ಕೇರಿ ಅಂತೀರಿ. ತಡೀರಿ, ತಡೀರಿ... ಮಡಿ! ಮಡಿಕೇರಿ ಅಲ್ರೀ ಇದು!"

ಈ ಸುಳಿವಿನ ಅಂದ ನೋಡಿ. ಮಡಿಗೆ ಶುಚಿ, ಕೇರಿಗೆ ಬೀದಿ, ಇಡೀ ಊರಿಗೆ ಕೊಡಗು. ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಸುಳ್ಳಿಲ್ಲ. ಓಣಿಯಿಂದ ಕೇರಿಗೆ ದಾಟುವುದಕ್ಕೆ ಎರಡು ಸೀಮೆಯ ಕನ್ನಡ ಒಂದೇ ಬೆಂಚಿನ ಮೇಲೆ ಕೂತಿರಬೇಕಾಯಿತು.

ತಿರುಗುಮುರುಗು ಪದಗಳಲ್ಲಂತೂ ಬಾಯಿಯದೇ ಕಾರುಬಾರು. 'ಕೊಂಬೆಯಿಂದ ಕೊಂಬೆಗೆ ಹಾರುವುದು ತಿರುಗಿ ಕೂತ ಕೋಗಿಲೆ, ಎರಡು ಮನೆ.' ಕೋಗಿಲೆಯನ್ನು ಪಿಕ ಮಾಡಿಕೊಂಡು ಎರಡು ಸಲ ಹಿಂದುಮುಂದಾಗಿ ಹೇಳಿ, ಕಪಿ ತಾನಾಗಿ ಇಳಿದು ಬರುತ್ತದೆ. ನದಿಯನ್ನು ತಿರುಗಿಸಿದರೆ ದಿನ. ಗದಗಕ್ಕೆ ಎಡದಿಂದ ಹೋದರೂ ಬಲದಿಂದ ಹೋದರೂ ಗದಗವೇ. ಪೆನ್ನು ಜೇಬಿನಲ್ಲೇ ಇರಲಿ.

ಈ ಆಟ ನಮ್ಮಲ್ಲಿ ಹುಟ್ಟಿದ್ದಲ್ಲ. 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಲಿವರ್‌ಪೂಲ್ ಮೂಲದ ಆರ್ಥರ್ ವಿನ್ ವಜ್ರದಾಕಾರದ ಮೊದಲ ಪದಬಂಧ ಹಾಕಿದ. ಇಂಗ್ಲಿಷಿನವರೂ ಇದನ್ನು ಒಂಟಿ ಆಟವಾಗಿಯೇ ಉಳಿಸಿಕೊಂಡವರಲ್ಲ. ಪತ್ತೇದಾರಿ ಕಾದಂಬರಿಕಾರ ಕಾಲಿನ್ ಡೆಕ್ಸ್‌ಟರ್ ತನ್ನ ಇನ್ಸ್‌ಪೆಕ್ಟರಿಗೆ ಮೋರ್ಸ್ ಎಂದೂ ಅವನ ಸಾರ್ಜೆಂಟಿಗೆ ಲೂಯಿಸ್ ಎಂದೂ ಹೆಸರಿಟ್ಟ. ಎರಡೂ ಪದಬಂಧ ಸ್ಪರ್ಧೆಗಳಲ್ಲಿ ಅವನಿಗೆ ಎದುರಾಳಿಗಳಾಗಿದ್ದವರ ಹೆಸರು.

ಕನ್ನಡದಲ್ಲಿ ಪದಬಂಧ ಕಟ್ಟುವುದು ಬಿಡಿಸುವುದಕ್ಕಿಂತ ಎಷ್ಟೋ ಕಷ್ಟ. ಎರಡು ಪದ ಒಂದು ಮನೆಯಲ್ಲಿ ಸೇರಬೇಕಾದರೆ ಕಾ ಎದುರು ಕಾ ಬರಬೇಕು, ಕ ಬಂದರೆ ನಡೆಯದು. ಒತ್ತಕ್ಷರ ಸಿಕ್ಕಿದರೆ ಮುಗಿಯಿತು. ಹೆಚ್ಚಿನವರು ಅದನ್ನು ಅಡ್ಡ ಮಾತ್ರ ಓದುವ ಮನೆಗೆ ತಳ್ಳಿ ಪಾರಾಗುತ್ತಾರೆ. ವಿಜ್ಞಾನದ ನಡುಮನೆಯಿಂದಲೇ ಜ್ಞಾಪಕವನ್ನು ಕೆಳಕ್ಕೆ ಇಳಿಬಿಟ್ಟವರನ್ನು ಕಂಡರೆ ನನಗೆ ನಿಜಕ್ಕೂ ಗೌರವ ಬರುತ್ತದೆ. ಇಂಥ ಕೆಲಸವನ್ನು ದಶಕಗಳ ಕಾಲ ಬಿಡದೆ ಮಾಡಿದವರು ಕೋಲಾರ ಜಿಲ್ಲೆಯ ಅಬ್ಬಣಿಯ ಅ.ನಾ. ಪ್ರಹ್ಲಾದರಾವ್. ಅವರು ಕಟ್ಟಿದ ಪದಬಂಧಗಳು 30,000 ದಾಟಿವೆ. ಡಾ. ರಾಜ್‌ಕುಮಾರ್ ಅವರ ಜೀವನಚರಿತ್ರೆ ಬರೆದವರೂ ಇವರೇ.

ನನ್ನ ತಕರಾರು ಒಂದೇ, ಬರೀ ಸಮಾನಾರ್ಥಕ ಕೇಳಿ ಕೈತೊಳೆದುಕೊಳ್ಳುವ ಸುಳಿವಿನ ಬಗ್ಗೆ. 'ಆನೆ, ಎರಡು ಮನೆ.' ಕರಿ, ಗಜ, ಹಸ್ತಿ, ದಂತಿ, ಇಭ ಎಲ್ಲವೂ ಎರಡೆರಡು ಮನೆಯವೇ. ಅಡ್ಡ ಬರುವ ಪದ ತೀರ್ಮಾನಿಸುತ್ತದೆ ಅನ್ನುತ್ತಾರೆ. ಅಡ್ಡ ಬರುವುದೂ 'ಹೂವು, ಮೂರು ಮನೆ' ಆಗಿದ್ದರೆ? ಆಗ ಬಿಡಿಸುವವರು ಯೋಚಿಸುತ್ತಿಲ್ಲ, ಚೀಟಿ ಎತ್ತುತ್ತಿದ್ದಾರೆ ಅಷ್ಟೆ. ಇಭ ಎಂಬ ಪದದ ಮೇಲೆ ನನಗೆ ಮುನಿಸಿಲ್ಲ. ಅದನ್ನು ಕೇಳುವವರು ಆ ಆನೆಯ ಹೆಜ್ಜೆಗುರುತನ್ನಾದರೂ ಸುಳಿವಿನಲ್ಲಿ ಬಿಟ್ಟಿರಬೇಕು.

ಮೊಬೈಲಿನಲ್ಲಿ ಹುಡುಕಿ ತುಂಬುವುದನ್ನು ನಮ್ಮ ಬೆಂಚು ಒಪ್ಪುವುದಿಲ್ಲ. ನಿಘಂಟು ತೆರೆಯಬಹುದು, ಆದರೆ ಎಲ್ಲ ಮನೆ ತುಂಬಿದ ಮೇಲೆ, ಜಗಳ ತೀರಿಸುವುದಕ್ಕೆ. ಅಕ್ಕನ ಮನೆಯಲ್ಲಿ ಕಿಟೆಲ್ ಇದೆ, 1894ರ ನಿಘಂಟಿನ ಮರುಮುದ್ರಣ. ಮೇಷ್ಟ್ರು ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕಡೆಯವರು. ಇಬ್ಬರೂ ಸಂಜೆ ಫೋನು ಮಾಡುತ್ತಾರೆ. ಒಂದೊಂದು ಪದದ ಮೇಲೆ ಆ ಮಾತು ಅರ್ಧ ಗಂಟೆ ಹೋಗುವುದುಂಟು. ಪದ ಸರಿಯೋ ತಪ್ಪೋ ಗೊತ್ತಾಗುವ ಹೊತ್ತಿಗೆ ಅದನ್ನು ಯಾವ ಅಜ್ಜಿ ಯಾವ ಊರಿನಲ್ಲಿ ಬಳಸುತ್ತಿದ್ದರು ಅನ್ನುವವರೆಗೆ ಬಂದಿರುತ್ತದೆ.

ನೀವೂ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು ಮೇಷ್ಟ್ರ ಈ ವಾರದ ಸುಳಿವನ್ನು ಗಟ್ಟಿಯಾಗಿ ಓದಿ: ಪುರಂದರನ ಬೆನ್ನಿಗಿರುವವನು ತಿರುಗಿ ನಿಂತರೆ ಯಾವಾಗಲೂ. ಎರಡು ಮನೆ.