ನಾಯಿಯ ಹೆಸರಿಗೆ ಬರೆದ ಆಸ್ತಿ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಎಷ್ಟೋ ಹಳೆಯ ಮನೆಗಳ ಕಥೆ ಒಂದೇ. ಮಕ್ಕಳು ಕ್ಯಾಲಿಫೋರ್ನಿಯಾದಲ್ಲೋ ಸಿಡ್ನಿಯಲ್ಲೋ ನೆಲೆ ನಿಂತಿದ್ದಾರೆ. ಅಪ್ಪ ಸಾಲ ಮಾಡಿ ಕಟ್ಟಿಸಿದ ಮನೆ, ಅದು ನಿಂತಿರುವ ಸೈಟು ಈಗ ಕೋಟಿಗಳ ಬೆಲೆ ಬಾಳುತ್ತದೆ. ಒಳಗೆ ಇರುವವರು ವಯಸ್ಸಾದ ಒಬ್ಬರೋ ಇಬ್ಬರೋ, ಜೊತೆಗೊಂದು ನಾಯಿ. ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡುವ ಮಗನಿಗಿಂತ ಮಂಡಿನೋವಿನ ರಾತ್ರಿಯಲ್ಲಿ ಕಾಲಬುಡದಲ್ಲಿ ಮಲಗಿರುವ ಪ್ರಾಣಿಯೇ ಹತ್ತಿರದ್ದು ಅನ್ನಿಸಿದರೆ ತಪ್ಪೇನೂ ಇಲ್ಲ. ‘ಎಲ್ಲಾ ಇದರ ಹೆಸರಿಗೇ ಬರೆದುಬಿಡ್ತೀನಿ ನೋಡು’ ಎಂಬ ಮಾತು ಬರುವುದು ಇಂಥ ಮನೆಗಳಲ್ಲಿ. ಅದನ್ನು ಮುನಿಸಿನ ಮಾತು ಎಂದು ತಳ್ಳಿಹಾಕದೆ, ನಿಜಕ್ಕೂ ಮಾಡಬಹುದಾದ ಕೆಲಸವೆಂದೇ ಇಟ್ಟುಕೊಂಡು ತೂಗಿ ನೋಡಬೇಕು.

ಪ್ರಾಣಿಯ ಹೆಸರಿನಲ್ಲಿ ದತ್ತಿ ಬಿಡುವುದು ಪಾಶ್ಚಾತ್ಯರ ಶೋಕಿ ಎಂದು ಮೂಗು ಮುರಿಯುವವರು ಒಮ್ಮೆ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿಬರಬೇಕು. ಅಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಒಂದು ಕಲ್ಲಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗಾಗಿ ಗಂಗರ ಬೂತುಗ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸಂಗತಿಯನ್ನು ಹೇಳುವ ಆ ಶಾಸನ, ಅದೇ ಉಸಿರಿನಲ್ಲಿ ಒಂದು ನಾಯಿಯ ಕಥೆಯನ್ನೂ ಹೇಳುತ್ತದೆ. ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ, ಮೆಚ್ಚಿದ ಒಡೆಯ ಬೇಕಾದ್ದು ಕೇಳು ಎಂದಾಗ ಅವನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ, ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಾಡಿತು, ಎರಡೂ ಸತ್ತವು. ಮಣಲೇರ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಊರಿನ ಕೆರೆಯ ಕೆಳಗೆ ಗದ್ದೆ ಬಿಟ್ಟು, ಆ ಕಲ್ಲಿಗೆ ಪೂಜೆ ನಡೆಯಬೇಕೆಂದು ಕಟ್ಟುಮಾಡಿದ. ಹಂದಿಯೂ ನಾಯಿಯೂ ಸೆಣಸುತ್ತಿರುವ ಚಿತ್ರ ಇಂದಿಗೂ ಆ ಕಲ್ಲಿನ ಮೇಲಿದೆ. ವೀರರಿಗೆ ಸಲ್ಲುವ ಗೌರವ ಸಾವಿರ ವರ್ಷದ ಹಿಂದೆಯೇ ಕನ್ನಡನಾಡಿನಲ್ಲಿ ಒಂದು ನಾಯಿಗೆ ಸಂದಿದೆ.

ಆದರೆ ಆ ಗದ್ದೆಯ ಭತ್ತವನ್ನು ಉಂಡವರು ಯಾರು? ನಾಯಿ ಆಗಲೇ ಸತ್ತಿತ್ತು. ಉಂಡವನು ದೇವಾಲಯದ ಗೊರವ, ಅಂದರೆ ಪೂಜಾರಿ. ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಎಂದು ಶಾಸನವೇ ಅವನನ್ನು ಎಚ್ಚರಿಸುತ್ತದೆ. ಅಂದರೆ ನಾಯಿಯ ಹೆಸರಿನ ದತ್ತಿಯಿಂದ ಒಬ್ಬ ಮನುಷ್ಯನ ಹೊಟ್ಟೆ ತುಂಬಿತು, ಆ ಮನುಷ್ಯನಿಗೆ ಒಂದು ಹೊಣೆಯೂ ಬಿತ್ತು. ಶಾಸನ ಬರೆಸಿದವನಿಗೆ ಇದು ಗೊತ್ತಿತ್ತು. ಇಂದು ಉಯಿಲು ಬರೆಸುವ ಎಷ್ಟೋ ಜನ ಮರೆಯುವುದು ಇದನ್ನೇ: ಪ್ರಾಣಿಗೆ ಬಿಟ್ಟ ಹಣ ಯಾವತ್ತೂ ಒಬ್ಬ ಮನುಷ್ಯನ ಕೈಗೇ ಹೋಗುತ್ತದೆ.

ನಮ್ಮ ಕಾನೂನೂ ಇಲ್ಲಿಗೇ ಬಂದು ನಿಲ್ಲುತ್ತದೆ. 1882ರ ಇಂಡಿಯನ್ ಟ್ರಸ್ಟ್ಸ್ ಆ್ಯಕ್ಟ್‌ನ 9ನೇ ಸೆಕ್ಷನ್ ಪ್ರಕಾರ ಟ್ರಸ್ಟಿನ ಫಲಾನುಭವಿ ಆಗಬೇಕಾದರೆ ಆಸ್ತಿ ಹೊಂದಲು ಅರ್ಹನಾದ ವ್ಯಕ್ತಿಯಾಗಿರಬೇಕು. ಗುಡಿಯಲ್ಲಿ ಪ್ರತಿಷ್ಠಾಪಿಸಿದ ದೇವರನ್ನು ನ್ಯಾಯಾಲಯಗಳು ವ್ಯಕ್ತಿಯೆಂದು ಒಪ್ಪಿವೆ. ಹಾಗಾಗಿ ಕಲ್ಲಿನ ಬಸವಣ್ಣನ ಹೆಸರಿನಲ್ಲಿ ಆಸ್ತಿ ಇರಬಹುದು, ಬುಲ್ ಟೆಂಪಲ್ ರಸ್ತೆಯಲ್ಲಿ ಓಡಾಡುವ ಬಸವನ ಹೆಸರಿನಲ್ಲಿ ಇರಲಾಗದು. 2018ರಲ್ಲಿ ಉತ್ತರಾಖಂಡ, 2019ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟುಗಳು ಪ್ರಾಣಿಗಳಿಗೂ ಕಾನೂನಿನ ವ್ಯಕ್ತಿತ್ವವಿದೆ ಎಂದು ಹೇಳಿದವು. ಉತ್ತರಾಧಿಕಾರದ ಕಾನೂನು ಅದರಿಂದ ಬದಲಾಗಿಲ್ಲ. ‘ನನ್ನ ಮನೆ ನನ್ನ ನಾಯಿಗೆ’ ಎಂದು ಬರೆದ ಉಯಿಲು ಇಲ್ಲಿ ನಿಲ್ಲುವುದಿಲ್ಲ. ‘ಇಂಥವರಿಗೆ ಇಷ್ಟು ಹಣ, ಅವರು ನಾಯಿಯನ್ನು ನೋಡಿಕೊಳ್ಳಬೇಕು’ ಎಂದು ಬರೆಯಬಹುದು. ಆಗಲೂ ‘ಇಂಥವರು’ ಮಾತು ಉಳಿಸಿಕೊಳ್ಳದಿದ್ದರೆ ನಾಯಿ ಹೋಗಿ ಕೋರ್ಟಿನ ಬಾಗಿಲು ತಟ್ಟುವುದಿಲ್ಲ.

ಎರಡು ಉಯಿಲುಗಳನ್ನು ಪಕ್ಕಪಕ್ಕ ಇಟ್ಟರೆ ಈ ಪದ್ಧತಿಯ ಸತ್ವವೂ ಸೊಕ್ಕೂ ಕಾಣುತ್ತವೆ. ಮೊದಲನೆಯದು ನ್ಯೂಯಾರ್ಕಿನ ಹೋಟೆಲ್ ಒಡತಿ ಲಿಯೋನಾ ಹೆಲ್ಮ್ಸ್‌ಲೀ ಬರೆದದ್ದು. 2007ರಲ್ಲಿ ತೀರಿಕೊಂಡ ಆಕೆ ತನ್ನ ‘ಟ್ರಬಲ್’ ಎಂಬ ಮಾಲ್ಟೀಸ್ ನಾಯಿಗೆ 1.2 ಕೋಟಿ ಡಾಲರ್ ಬಿಟ್ಟರು. ಮೊಮ್ಮಕ್ಕಳಲ್ಲಿ ಇಬ್ಬರಿಗೆ ಏನೂ ಇಲ್ಲ ಎಂದು ಬರೆದರು. ನಾಯಿಯನ್ನು ನೋಡಿಕೊಳ್ಳಬೇಕೆಂದು ಹೆಸರಿಸಿದ್ದ ಸಹೋದರ ಒಲ್ಲೆ ಎಂದುಬಿಟ್ಟ. ಕೊನೆಗೆ ಅದನ್ನು ಸಾಕಿದ್ದು ಆಕೆಯ ಹೋಟೆಲೊಂದರ ಮ್ಯಾನೇಜರ್. ನಾಯಿಗೆ ಜೀವಬೆದರಿಕೆಗಳು ಬಂದವು, ಕಾವಲಿಗೇ ದೊಡ್ಡ ಮೊತ್ತ ಖರ್ಚಾಯಿತು. ನ್ಯಾಯಾಧೀಶರು ಮೊತ್ತವನ್ನು 20 ಲಕ್ಷ ಡಾಲರಿಗೆ ಇಳಿಸಿದರು. ಅತಿಯಾದದ್ದನ್ನು ಕಡಿತ ಮಾಡುವ ಅಧಿಕಾರವನ್ನು ಆ ರಾಜ್ಯದ ಕಾನೂನೇ ಕೊಟ್ಟಿದೆ. 2010ರ ಡಿಸೆಂಬರಿನಲ್ಲಿ ಟ್ರಬಲ್ ಸತ್ತಿತು. ಈ ಉಯಿಲನ್ನು ಓದುವಾಗ ನಾಯಿಯ ಮೇಲಿನ ಪ್ರೀತಿಗಿಂತ ಮನುಷ್ಯರ ಮೇಲಿನ ಕೋಪವೇ ನನಗೆ ಹೆಚ್ಚು ಕಾಣುತ್ತದೆ. ಅಷ್ಟು ಹಣ ಬರೆದಾಕೆಗೆ ನಾಯಿಯನ್ನು ಮನಸಾರೆ ಎತ್ತಿಕೊಳ್ಳುವ ಒಂದು ಕೈಯನ್ನು ಗೊತ್ತುಮಾಡಿ ಹೋಗಲು ಆಗಲಿಲ್ಲ. 2020ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾ ಜಿಲ್ಲೆಯ ರೈತರೊಬ್ಬರು ಮಗನ ಮೇಲೆ ಮುನಿದು ಅರ್ಧ ಆಸ್ತಿಯನ್ನು ನಾಯಿಗೆ ಬರೆದ ಸುದ್ದಿಯ ಹಿಂದೆಯೂ ಇದ್ದದ್ದು ಇದೇ ಬಗೆಯ ಕೋಪ.

ಎರಡನೆಯದು ರತನ್ ಟಾಟಾ ಅವರದು. 2024ರ ಅಕ್ಟೋಬರ್ 9ರಂದು ಅವರು ತೀರಿಕೊಂಡ ಮೇಲೆ ಪತ್ರಿಕೆಗಳಲ್ಲಿ ಬಂದ ವಿವರಗಳ ಪ್ರಕಾರ, ಸಾಕುಪ್ರಾಣಿಗಳಿಗೆಂದು ಅವರು ಇಟ್ಟದ್ದು 12 ಲಕ್ಷ ರೂಪಾಯಿ. ಪ್ರತಿ ಪ್ರಾಣಿಗೆ ಮೂರು ತಿಂಗಳಿಗೆ 30,000. ಜರ್ಮನ್ ಶೆಫರ್ಡ್ ‘ಟಿಟೊ’ವನ್ನು ನೋಡಿಕೊಳ್ಳುವ ಹೊಣೆ ಬಹುಕಾಲ ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದವರಿಗೆ. ಆಸ್ತಿಯ ಬಹುಪಾಲು ದತ್ತಿ ಸಂಸ್ಥೆಗಳಿಗೆ. ಲೆಕ್ಕ ಹಾಕಿ ನೋಡಿ: ಒಂದು ಪ್ರಾಣಿಗೆ ವರ್ಷಕ್ಕೆ 1.2 ಲಕ್ಷ, ಅಂದರೆ 12 ಲಕ್ಷದಲ್ಲಿ ಒಂದು ನಾಯಿ ಹತ್ತು ವರ್ಷ ಚೆನ್ನಾಗಿ ಬದುಕಬಹುದು. ಸಾವಿರಾರು ಕೋಟಿಯ ಒಡೆಯರೊಬ್ಬರು ನಾಯಿಯ ಹೊಟ್ಟೆ, ನಾಯಿಯ ಆಯುಸ್ಸು ಎರಡನ್ನೂ ಅಳೆದು ಅಷ್ಟನ್ನೇ ಇಟ್ಟರು. ಆದರೆ ಪ್ರಾಣಿಗಳ ವಿಷಯದಲ್ಲಿ ಅವರ ಕೈ ಬಿಗಿಯಾಗಿರಲಿಲ್ಲ. ಟಾಟಾ ಟ್ರಸ್ಟ್ಸ್ 165 ಕೋಟಿ ಖರ್ಚು ಮಾಡಿ ಮುಂಬಯಿಯ ಮಹಾಲಕ್ಷ್ಮಿಯಲ್ಲಿ ಕಟ್ಟಿದ ಪ್ರಾಣಿಗಳ ಆಸ್ಪತ್ರೆ ಅವರು ಬದುಕಿದ್ದಾಗಲೇ, ಅದೇ ವರ್ಷದ ಜುಲೈನಲ್ಲಿ ಬಾಗಿಲು ತೆರೆಯಿತು. ತನ್ನ ನಾಯಿಗೆ ಬೇಕಾದಷ್ಟು, ಊರಿನ ನಾಯಿಗಳಿಗೆ ಧಾರಾಳವಾಗಿ, ಉಳಿದದ್ದು ಜನಕ್ಕೆ. ಇದಕ್ಕಿಂತ ಚೊಕ್ಕವಾದ ಉಯಿಲನ್ನು ನಾನು ಕಂಡಿಲ್ಲ.

ಟಾಟಾ ಅವರ ಉಯಿಲಿನಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಅಡುಗೆಯವರ ಪಾತ್ರ. ನಮ್ಮ ಬಡಾವಣೆಗಳಲ್ಲೂ ನಾಯಿಯನ್ನು ಬೆಳಿಗ್ಗೆ ಬ್ಯೂಗಲ್ ರಾಕ್ ಕಡೆಗೋ ಸ್ಯಾಂಕಿ ಕೆರೆಯ ಕಡೆಗೋ ಅಡ್ಡಾಡಿಸಿಕೊಂಡು ಬರುವವರು, ಅನ್ನ ಕಲಸಿ ಇಡುವವರು, ಮೈ ತೊಳೆಸುವವರು ಅನೇಕ ಮನೆಗಳಲ್ಲಿ ಕೆಲಸದವರೇ. ಒಡೆಯರು ಕಣ್ಣು ಮುಚ್ಚಿದ ದಿನ ಅವರ ಕೆಲಸ ಹೋಗುತ್ತದೆ. ಮನೆ ಬಿಲ್ಡರ್ ಕೈಗೆ ಹೋಗುತ್ತದೆ, ನಾಯಿ ಬೀದಿಗೆ ಬರುತ್ತದೆ. ನಾಯಿಗೆಂದು ಇಟ್ಟ ಹಣ ಆ ಕೆಲಸದವರ ಹೆಸರಿಗೆ ತಿಂಗಳ ಸಂಬಳವಾಗಿ ಬಂದರೆ ಒಂದೇ ಮೊತ್ತದಲ್ಲಿ ಎರಡು ಜೀವಗಳ ಋಣ ತೀರುತ್ತದೆ.

ಇನ್ನು ದೊಡ್ಡ ಆಸ್ತಿಯ ಮಾತು. ಮಕ್ಕಳಿಲ್ಲದ ಸಿರಿವಂತರು ಏನು ಮಾಡಬಹುದು ಎನ್ನುವುದಕ್ಕೆ ಈ ಊರಿನಲ್ಲೇ ಉತ್ತರವಿದೆ. ಗುಬ್ಬಿ ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ರೈಲಿಳಿದು ಬಂದ ಪರಸ್ಥಳದವರಿಗೆ ತಂಗಲು ಜಾಗವಿಲ್ಲದ್ದನ್ನು ಕಂಡು ಸಿಟಿ ರೈಲ್ವೆ ಸ್ಟೇಷನ್ ಎದುರಿಗೆ ಧರ್ಮಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. ವಿದ್ಯಾರ್ಥಿಗಳಿಗೆ ಉಚಿತ ನಿಲಯ ಮಾಡಿ, ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ಬಿಟ್ಟು 1910ರಲ್ಲಿ ತೀರಿಕೊಂಡರು. ಅವರು ಹೋಗಿ ನೂರು ವರ್ಷ ದಾಟಿದರೂ ಅವರ ಹೆಸರಿನ ಸಂಸ್ಥೆ ವಿದ್ಯಾರ್ಥಿಗಳಿಗೆ ನೆರವಾಗುತ್ತಲೇ ಇದೆ. ವಿ.ವಿ. ಪುರದಲ್ಲಿ ಸಜ್ಜನರಾಯರ ಹೆಸರು ವೃತ್ತಕ್ಕೆ ನಿಂತದ್ದು, ಚಾಮರಾಜಪೇಟೆಯ ವಿದ್ಯಾರ್ಥಿನಿಲಯಕ್ಕೆ ಬಿ.ಕೆ. ಮರಿಯಪ್ಪನವರ ಹೆಸರು ಉಳಿದದ್ದು ಇಂಥದೇ ಕೊಡುಗೈಯಿಂದ. ಆ ಕಾಲದ ಅನೇಕ ಹಾಸ್ಟೆಲುಗಳು ತಂತಮ್ಮ ಜಾತಿಯ ಹುಡುಗರಿಗೆ ಮಾತ್ರ ಬಾಗಿಲು ತೆರೆದವು; ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಹಳ್ಳಿಯಿಂದ ಬರಿಗೈಯಲ್ಲಿ ಬಂದು ಅಲ್ಲಿ ಉಂಡು ಓದಿದ ತಲೆಮಾರುಗಳನ್ನು ನೆನೆದರೆ ಆ ಹಣ ಎಷ್ಟು ದೂರ ನಡೆಯಿತೆಂದು ತಿಳಿಯುತ್ತದೆ. ಒಂದು ನಾಯಿಯ ಬದುಕು ಹತ್ತು, ಹನ್ನೆರಡು, ಹೆಚ್ಚೆಂದರೆ ಹದಿನೈದು ವರ್ಷ. ಐದು ಕೋಟಿಯ ಮನೆಯನ್ನು ಅಷ್ಟು ಚಿಕ್ಕ ಆಯುಸ್ಸಿಗೆ ಕಟ್ಟಿಹಾಕುವುದು ನಾಯಿಗೆ ಯಾವ ಸುಖವನ್ನೂ ಹೆಚ್ಚಿಸದು. ಅದು ತಿನ್ನುವ ಅನ್ನ ಅಷ್ಟೇ, ಮಲಗುವ ಜಾಗ ಅಷ್ಟೇ.

ಪ್ರಾಣಿಗಳಿಗೇ ಕೊಡಬೇಕೆಂದು ಮನಸ್ಸಿದ್ದವರಿಗೂ ದಾರಿಯಿದೆ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಹೆಂಗಸು ದೆಹಲಿ, ಜೈಪುರಗಳಲ್ಲಿ ಪ್ರಾಣಿಗಳ ಆಸರೆ ಕಟ್ಟಿ, ಮುಪ್ಪಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಕ್ಯೂಪಾ ಸಂಸ್ಥೆಯನ್ನು ಆರಂಭಿಸಿದರು. ಗಾಯಗೊಂಡ ಬೀದಿನಾಯಿ, ಕಾಲು ಮುರಿದ ಹಸು ಅಲ್ಲಿ ಚಿಕಿತ್ಸೆ ಪಡೆಯುತ್ತವೆ. ರೇಬೀಸ್ ವಿಷಯದಲ್ಲಂತೂ ನಾಯಿಯ ಹಿತ, ಮನುಷ್ಯನ ಹಿತ ಎಂದು ಬೇರೆ ಬೇರೆ ಇಲ್ಲ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ ಎಂಬುದು ತಜ್ಞರ ಲೆಕ್ಕ. 2030ರೊಳಗೆ ನಾಯಿಯಿಂದ ಹರಡುವ ರೇಬೀಸನ್ನು ಇಲ್ಲವಾಗಿಸುವ ಗುರಿಯನ್ನು ಭಾರತ 2021ರಲ್ಲಿ ಹಾಕಿಕೊಂಡಿದೆ. ಈ ರೋಗದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ಕೆಲಸ ಮಾಡುವ ಕೇಂದ್ರ ನಮ್ಮ ನಿಮ್ಹಾನ್ಸ್‌ನಲ್ಲೇ ಇದೆ. ಕಚ್ಚಿಸಿಕೊಂಡು ಸಾಯುವವರಲ್ಲಿ ಹೆಚ್ಚಿನವರು ಬಡವರು, ಅದರಲ್ಲೂ ಮಕ್ಕಳು. ಒಂದು ಬಡಾವಣೆಯ ಬೀದಿನಾಯಿಗಳಿಗೆ ವರ್ಷವರ್ಷವೂ ಲಸಿಕೆ, ಸಂತಾನಹರಣ ಚಿಕಿತ್ಸೆ ನಡೆಯುವಂತೆ ದತ್ತಿ ಇಟ್ಟವರು ನಾಯಿಯನ್ನೂ ಉಳಿಸುತ್ತಾರೆ, ಗುಡಿಸಲಿನ ಮಗುವನ್ನೂ ಉಳಿಸುತ್ತಾರೆ.

ಹಾಗಾಗಿ ನನ್ನ ತೀರ್ಪು ಹೀಗೆ: ಸಾಕಿದ ಪ್ರಾಣಿಗೆ ಅದರ ಆಯುಸ್ಸಿಗೆ ಬೇಕಾದಷ್ಟು ಇಡುವುದು ಕರ್ತವ್ಯ, ಇಡದೆ ಹೋಗುವುದು ನಂಬಿದ ಜೀವಕ್ಕೆ ಮಾಡಿದ ದ್ರೋಹ. ಅದಕ್ಕಿಂತ ಹೆಚ್ಚಿನದನ್ನು, ಹಸಿದವರೂ ಓದಲು ಕಾಸಿಲ್ಲದವರೂ ಇರುವ ಊರಿನಲ್ಲಿ, ಒಂದು ನಾಯಿಯ ಹೆಸರಿಗೆ ಬರೆಯುವುದು ತಪ್ಪು.

ಈ ಬಡಾವಣೆಗಳ ಹಿರಿಯರಲ್ಲಿ ಒಂದು ಬಿನ್ನಹ. ಕೈ ಗಟ್ಟಿಯಿರುವಾಗಲೇ ವಕೀಲರನ್ನು ಮನೆಗೆ ಕರೆಸಿ. ನಾಯಿಯನ್ನು ನೋಡಿಕೊಳ್ಳಬೇಕಾದವರನ್ನೇ ಮೊದಲು ಕೇಳಿ, ಅವರು ಒಪ್ಪಿದ ಮೇಲೆ ಹೆಸರು ಬರೆಸಿ. ಅವರಿಗೆ ಆಗದಿದ್ದರೆ ಇನ್ನೊಬ್ಬರ ಹೆಸರೂ ಇರಲಿ. ತಿಂಗಳಿಗೆ ಇಷ್ಟು ಎಂದು ಮೊತ್ತ ಗೊತ್ತುಮಾಡಿ, ನಾಯಿ ಸತ್ತ ಮೇಲೆ ಉಳಿದದ್ದು ಎಲ್ಲಿಗೆ ಹೋಗಬೇಕೆಂದೂ ಬರೆಸಿ. ಇಬ್ಬರು ಸಾಕ್ಷಿಗಳ ಸಹಿ ಇಲ್ಲದೆ ಉಯಿಲು ನಿಲ್ಲುವುದಿಲ್ಲ, ಅದನ್ನು ಮರೆಯಬೇಡಿ. ಮಿಕ್ಕ ಆಸ್ತಿಯಲ್ಲಿ ಒಂದು ಪಾಲನ್ನಾದರೂ ಜಾತಿ ಕೇಳದ ಒಂದು ಹಾಸ್ಟೆಲಿಗೋ ಆಸ್ಪತ್ರೆಗೋ ಬಿಟ್ಟುಹೋಗಿ.